ಐದನೆಯ ದಾರಿ

ಪರದೆಯ ಮೇಲೆ ಐದನೆಯ ಗೆರೆ ಮತ್ತೆ ಎದ್ದು ನಿಂತಿತು. ಜುವೈರಿಯಾ ಲ್ಯಾಪ್‌ಟಾಪನ್ನು ತುಸು ದೂರ ತಳ್ಳಿದಳು.

ಕನ್ಯಾನದ ಶಾಲೆಯ ತಾರಸಿಯಿಂದ ಲ್ಯಾಬಿನ ಜಿತೇಶ್ ಕಳಿಸುವ ರೇಡಿಯೋ ಸಂಕೇತ, ಅವಳ ಮನೆಯಂಗಳದ ಆಂಟೆನಾಕ್ಕೆ ಒಂದೇ ದಾರಿಯಲ್ಲಿ ಬರುವುದಿಲ್ಲ. ಒಂದಿಷ್ಟು ನೇರ ಬಂದರೆ, ಒಂದಿಷ್ಟು ಗುಡ್ಡಕ್ಕೋ ನೀರಿನ ಟ್ಯಾಂಕಿಗೋ ಬಡಿದು ತಡವಾಗಿ ಬರುತ್ತದೆ. ಪರದೆಯಲ್ಲಿ ಒಂದೊಂದು ದಾರಿಗೂ ಒಂದೊಂದು ಗೆರೆ. ಆದರೂ ನಿಜವಾದ ದಾರಿಗಳು ಕೆಲವೇ. ಅವಳ ಸಂಶೋಧನೆ ನಿಂತದ್ದೇ ಆ ನಂಬಿಕೆಯ ಮೇಲೆ. ಅಳೆದದ್ದು ಕಡಿಮೆಯಾದರೂ ಅದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ದಾರಿಯನ್ನು ಹುಡುಕಿ ಲೆಕ್ಕದಿಂದ ಕಳೆಯುವುದು, ಮಿಕ್ಕಿದ್ದರಲ್ಲಿ ಇನ್ನೊಂದನ್ನು ಹುಡುಕುವುದು, ಕೊನೆಗೆ ಉಳಿದದ್ದನ್ನೆಲ್ಲ ಸೊನ್ನೆ ಎಂದು ಬಿಡುವುದು.

"ನಾಲ್ಕಕ್ಕೆ ನಿಲ್ಲಿಸಿ," ಎಂದಿದ್ದರು ಮೂಡುಬಿದಿರೆಯ ಕಾಲೇಜಿನಲ್ಲಿ ಅವಳ ಗೈಡ್ ಆಗಿದ್ದ ಜಯಪ್ರಕಾಶ್. "ಐದನೆಯದು ಬರೀ ಗದ್ದಲ. ಅಷ್ಟು ದೂರದಲ್ಲಿ ಬಡಿಯಲಿಕ್ಕೆ ಎಂಥದ್ದೂ ಇಲ್ಲ. ಪೇಪರ್ ಕಳಿಸುವ."

ಗದ್ದಲವಾಗಿದ್ದರೆ ಒಂದೊಂದು ಸಲ ಒಂದೊಂದು ಕಡೆ ಕಾಣಬೇಕಿತ್ತು. ಇದು ಯಾವಾಗಲೂ ಅಲ್ಲೇ. ಆಂಟೆನಾವನ್ನು ಮಸೀದಿಯ ಬಳಿ, ಬಸ್‌ಸ್ಟಾಂಡಿನ ಬಳಿ ಇಟ್ಟು ಅಳೆದಳು. ತಡವಾದ ಹೊತ್ತಿನಿಂದ ದೂರವನ್ನು ಲೆಕ್ಕ ಹಾಕಿ ನಕ್ಷೆಯಲ್ಲಿ ಗೆರೆ ಎಳೆದಾಗ ಎಲ್ಲವೂ ಒಂದೇ ಜಾಗದಲ್ಲಿ ಕೂಡಿದವು. ಕೆಂಪುಕಲ್ಲಿನ ಹಳೆಯ ಕೋರೆ. ತಮ್ಮ ಶಾಫಿ ಈಜಲು ಇಳಿದು ಮೇಲೆ ಬಾರದ ಕೋರೆ.

"ಆ ಕಡೆ ಮುಖ ಹಾಕಬೇಡ ಮೋಳೆ," ಎಂದು ತಾಯಿ ಅವ್ವಮ್ಮ ಅಂದೇ ಮಗಳಿಂದ ಮಾತು ತೆಗೆದುಕೊಂಡಿದ್ದಳು. ಆಮೇಲೆ ಮನೆಯಲ್ಲಿ ಯಾರೂ ಶಾಫಿಯ ಹೆಸರೆತ್ತಿರಲಿಲ್ಲ. ಅಲ್ಲಿ ನೀರಲ್ಲದೆ ಏನಿಲ್ಲ ಎಂದು ಜುವೈರಿಯಾಳಿಗೂ ಗೊತ್ತು. ಹಾಗಾದರೆ ಸಂಕೇತವನ್ನು ತಿರುಗಿಸಿ ಕಳಿಸುತ್ತಿರುವುದು ಯಾವುದು?

ಮಧ್ಯಾಹ್ನ ಒಬ್ಬಳೇ ಹೊರಟಳು. ಕೋರೆಯ ಅಂಚಿಗೆ ಯಾರೋ ತಗಡಿನ ಶೀಟುಗಳ ಎತ್ತರದ ಬೇಲಿ ಹಾಕಿಸಿದ್ದರು. ಓ, ಇಷ್ಟೇ. ಉಸಿರು ಬಿಟ್ಟಳು, ಏನೋ ಕಳಕೊಂಡ ಹಾಗೂ ಆಯಿತು. ಆಗ ಬೇಲಿಗೆ ಒರಗಿ ಕೂತವಳು ಕಂಡಳು.

"ಉಮ್ಮಾ?"

ಅವ್ವಮ್ಮ ಬೆಚ್ಚಿ ತಲೆಬಟ್ಟೆ ಎಳೆದುಕೊಂಡಳು. "ವಿಟ್ಲಕ್ಕೆ ಅಂತ ಹೇಳಿ ಇಲ್ಲಿಗೇ ಬರ್ತೇನೆ. ಯಾವಾಗಲೂ." ಮಗಳತ್ತ ತಿರುಗಿ ಕೇಳಿದಳು, "ನೀನ್ಯಾಕೆ ಬಂದದ್ದು?"

"ಶಾಲೆಯಿಂದ ಕಳಿಸಿದ ಸಿಗ್ನಲ್ ಈ ತಗಡಿಗೆ ಬಡಿದು ನಮ್ಮ ಅಂಗಳಕ್ಕೆ ಬರ್ತಾ ಉಂಟು."

"ಇಲ್ಲಿಂದ ಮನೆಗೆ ಮುಟ್ಟುತ್ತದಾ?"

"ಮುಟ್ಟುತ್ತದೆ. ಸ್ವಲ್ಪ ತಡ ಆಗ್ತದೆ, ಅಷ್ಟೇ."

ಅವ್ವಮ್ಮ ತಗಡಿನ ಮೇಲೆ ಕೈಯಿಟ್ಟಳು. "ಅವತ್ತು ಶಾಫಿ ಕರೆದಿರಬಹುದು," ಎಂದಳು. "ನಾನು ಮಿಕ್ಸಿ ಹಾಕಿದ್ದೆ."

ಜುವೈರಿಯಾ ಅವಳ ಪಕ್ಕ ಕೂತಳು. ಅಷ್ಟರಲ್ಲಿ ಶಾಲೆಯ ತಾರಸಿಯಿಂದ ಜಿತೇಶ್ ಫೋನ್ ಮಾಡಿದ.

"ಮೇಡಂ, ಇನ್ನೊಮ್ಮೆ ಕಳಿಸ್ಲಾ? ಸರ್ ಕೇಳ್ತಿದ್ದಾರೆ, ಪೇಪರಿನಲ್ಲಿ ನಾಲ್ಕು ಅಂತ ಹಾಕುವುದಾ?"

"ಐದು," ಎಂದಳು. "ಕಳಿಸಿ."

ಅವ್ವಮ್ಮ ನೆಲಕ್ಕೆ ಕೈಯೂರಿ ಎದ್ದಳು. ಮಗಳ ತೋಳು ಹಿಡಿದು ಅವಳನ್ನೂ ಎಬ್ಬಿಸಿ, ತಗಡಿಗೆ ಅಡ್ಡವಾಗದಂತೆ ಒಂದು ಬದಿಗೆ ಕರೆದುಕೊಂಡು ಹೋಗಿ ನಿಂತಳು.