ಕಾಲ್ವರ್ಡನ್ ಮನೆಯ ಅಳಿಯ

"ಹಳೇ ಹೆಸರಲ್ಲೇ ಸಹಿ ಹಾಕಿ ಡಾಕ್ಟ್ರೇ. ರಾಣಿಯವರ ಅಪ್ಪಣೆ ಬರೋವರೆಗೂ ನೀವು ಪೆಕ್ಕೇ," ಎಂದು ವಕೀಲ ಥ್ರಿಂಗ್ ಅರ್ಜಿಯನ್ನು ಮುಂದೆ ಸರಿಸಿದ.

ಆಂಬ್ರೋಸ್ ಪೆಕ್ ಲೇಖನಿ ಎತ್ತಿಕೊಂಡ, ಮತ್ತೆ ಇಟ್ಟ. ಹೆಂಡತಿ ಆನರ್‌ಳ ಅಜ್ಜ ಲಾರ್ಡ್ ಕಾಲ್ವರ್ಡನ್ ತೀರಿಕೊಂಡು ನಾಳೆಗೆ ವರ್ಷ. ಅಷ್ಟರೊಳಗೆ ಮೊಮ್ಮಗಳ ಗಂಡ ತನ್ನ ಮನೆತನದ ಹೆಸರು ಬಿಟ್ಟು ಕಾಲ್ವರ್ಡನ್ ಆಗಲು ಅರ್ಜಿ ಹಾಕಬೇಕು. ಇಲ್ಲವಾದರೆ ಮನೆ, ಜಮೀನು ಎಲ್ಲ ದೂರದ ದಾಯಾದಿಗೆ. ಉಯಿಲಿನಲ್ಲಿ ಹಾಗಿತ್ತು. ಆನರ್ ಹುಟ್ಟಿದ್ದು ಈ ಮನೆಯಲ್ಲಿ. ಮುಂದಿನ ತಿಂಗಳು ಅವಳಿಗೆ ಹೆರಿಗೆ.

ಬಾಗಿಲ ಬಳಿ, ಕುರ್ಚಿಯ ತುದಿಯಲ್ಲಿ, ಆಂಬ್ರೋಸ್‌ನ ಅಪ್ಪ ಸೈಲಸ್ ಕುಳಿತಿದ್ದ. ಗಾಡಿಗಾಲಿ ಮಾಡುವ ಬಡಗಿ, ಓದು ಬಾರದು. ಅವನ ಮುಖ ನೋಡಲಾಗದೆ ಆಂಬ್ರೋಸ್ ಎದ್ದು ಗೋಡೆಯ ವಂಶವೃಕ್ಷದ ಮುಂದೆ ನಿಂತ. ಬಂಗಾರದ ಹೆಸರುಗಳ ಅಡಿಯಲ್ಲಿ ಅಲ್ಲಲ್ಲಿ ಇರುವೆಯಂಥ ಅಕ್ಷರ: ಹುಟ್ಟುಹೆಸರು ಮಗ್. ಹುಟ್ಟುಹೆಸರು ಲ್ಯಾಂಬ್. ಹುಟ್ಟುಹೆಸರು ಪ್ರಿಗ್.

"ಇವರೆಲ್ಲ ಯಾರು?"

"ಅಳಿಯಂದಿರು ಸ್ವಾಮಿ. ಗಂಡುಸಂತಾನ ತಪ್ಪಿದಾಗೆಲ್ಲ ಹೀಗೇ. ಮಗ್ ಅವರು ಸಾಬೂನು ಮಾರ್ತಿದ್ರು. ಪ್ರಿಗ್ ಅವರು ನಮ್ಮ ಲಾರ್ಡ್ ಸಾಹೇಬರ ತಂದೆ."

"ಹಾಗಾದ್ರೆ ಕಾಲ್ವರ್ಡನ್ ಅಂದ್ರೆ ಯಾರು?"

ಥ್ರಿಂಗ್ ಕನ್ನಡಕ ಒರೆಸಿಕೊಂಡ. "ಅಪ್ಪಣೆ ಬಂದ್ಮೇಲೆ, ನೀವು."

ಸೈಲಸ್ ಗೊಳ್ಳೆಂದು ನಕ್ಕ. "ಲೇ ಆಂಬ್ರೋಸ, ನಮ್ ಗಾಡಿ ಥರಾನೇ ಕಣ್ಲಾ ಇವರ ಮನೇನೂ. ಸವೆದಾಗೆಲ್ಲ ಬ್ಯಾರೆ ಗಾಲಿ ಹಾಕವ್ರೆ, ಗಾಡಿ ಮಾತ್ರ ಅದೇ ಅಂತವ್ರೆ."

ಆಂಬ್ರೋಸ್‌ಗೆ ನಗು ಬರಲಿಲ್ಲ. ಬಿಡುವುದು ಯಾವುದು, ಹೊರುವುದು ಯಾವುದು, ಒಂದೂ ತಿಳಿಯಲೊಲ್ಲದು.

"ನಿಂಗೆ ಬೇಜಾರಿಲ್ವಾ ಅಪ್ಪಾ?"

"ನಂಗ್ಯಾಕ್ಲಾ? ನಾನು ಪೆಕ್ ಆಗೇ ಸಾಯ್ತೀನಿ. ಹುಟ್ಟೋ ಕೂಸು ನನ್ನನ್ನ ತಾತ ಅಂದ್ರೆ ಸಾಕು." ಮುದುಕ ಟೋಪಿಯನ್ನು ಮೊಣಕಾಲ ಮೇಲೆ ಒಂದು ಸುತ್ತು ತಿರುಗಿಸಿದ. "ತಾತ ಅಂತದೆ ಅಲ್ವಾ?"

"ಅನ್ನದೆ ಏನು," ಎಂದ ಆಂಬ್ರೋಸ್. ಗೋಡೆಯ ವೃಕ್ಷದಲ್ಲಿ ಮಗ್ ಅವರ ಅಪ್ಪನಿಗಾಗಲಿ, ಪ್ರಿಗ್ ಅವರ ಅಪ್ಪನಿಗಾಗಲಿ ಒಂದು ಕೊಂಬೆಯೂ ಇರಲಿಲ್ಲ.

ಅವನು ಬಂದು ಕುಳಿತು ಸಹಿ ಹಾಕಿದ. ಸೈಲಸ್ ಬೆನ್ನ ಹಿಂದೆ ಬಂದು ಬಗ್ಗಿದ.

"ನಮ್ಮೆಸ್ರು ಇದ್ರಾಗೆ ಎಲ್ಲೈತೆ?"

ಮಗ ತೋರಿಸಿದ ಜಾಗದ ಮೇಲೆ ಮುದುಕ ಬೆರಳಿಟ್ಟ. ಶಾಯಿ ಇನ್ನೂ ಆರಿರಲಿಲ್ಲ.

ಸ್ವಲ್ಪ ಹೊತ್ತಿಗೆ ಆಂಬ್ರೋಸ್ ಕಿಟಕಿಯಿಂದ ನೋಡಿದ. ಅಪ್ಪ ಮೆಟ್ಟಿಲಿಳಿದು ಹೋಗುತ್ತಿದ್ದ, ಕಪ್ಪಾದ ಆ ಬೆರಳನ್ನು ಎಲ್ಲೂ ಒರೆಸಿಕೊಳ್ಳದೆ, ಕೋಟಿಗೆ ತಾಗದಂತೆ ದೂರ ಹಿಡಿದುಕೊಂಡು.