ದೊಡ್ಡಗಂಗಮ್ಮನ ತೆಲುಗು ಬೈಬಲ್

ನನ್ನ ಗಂಡ ಮುನೇಶನನ್ನು ಮಣ್ಣು ಮಾಡಿದ ಮೂರನೆಯ ದಿನ ನೆಂಟರೆಲ್ಲ ಹೊರಟುಹೋದರು. ನಾಲ್ಕನೆಯ ದಿನ ಬೆಳಿಗ್ಗೆ ಕಸದ ಗಾಡಿ ಎಂದಿನಂತೆ ಹಾಡು ಹಾಕಿಕೊಂಡು ಬಂತು. ಅವನ ಫ್ಯಾಕ್ಟರಿಯವರು ತಡವಾಗಿ ತಂದಿದ್ದ ಹೂವಿನ ಚಕ್ರವನ್ನು ಹೊತ್ತು ಗೇಟಿಗೆ ಹೋದೆ. ಗಾಡಿಯ ಹೆಂಗಸು ಅದನ್ನು ತಿರುಗಿಸಿ ನೋಡಿ, ಹೂವು ಹಸಿ ಕಸ, ತಂತಿ ಒಣ ಕಸ, ಬೇರೆ ಮಾಡಿ ಕೊಡಬೇಕು ಎಂದಳು. ನ್ಯಾಯವಾದ ಮಾತು. ಮೆಟ್ಟಿಲ ಮೇಲೆ ಕೂತು ಬಿಡಿಸಿದೆ. ಅಷ್ಟು ಹೊತ್ತೂ ಗಾಡಿ ಕಾಯಿತು. ಕೋಲಾರದಲ್ಲಿ ಕಸದ ಗಾಡಿ ಯಾರಿಗಾದರೂ ಕಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಒಳಗೆ ಬಂದಾಗ ಅತ್ತೆ ಮುನೇಶನ ಫೋಟೋ ಒರೆಸುತ್ತಿದ್ದರು. ರಾಮಲಕ್ಷ್ಮಮ್ಮ, ಶ್ರೀನಿವಾಸಪುರದ ಕಡೆಯವರು. ಮಗ ಕಾಲೇಜಿನಲ್ಲಿದ್ದಾಗ ಯೇಸುವನ್ನು ನಂಬಿದ. ಅವರು ತಮ್ಮ ದೇವರೊಂದಿಗೇ ಉಳಿದರು. ಇಬ್ಬರಿಗೂ ಅದರಿಂದ ಊಟ ಕೆಟ್ಟಿರಲಿಲ್ಲ. ಫೋಟೋಗೆ ಹಾರ ಹಾಕಿ ದೀಪ ಹಚ್ಚಲೇ ಎಂದು ಕೇಳಿದರು. ನಮ್ಮಲ್ಲಿ ಹಾಗೆ ಮಾಡುವುದಿಲ್ಲ ಅತ್ತೆ ಎಂದೆ. ಸರಿ ಎಂದು ಫೋಟೋವನ್ನು ಇದ್ದಲ್ಲಿಗೇ ಇಟ್ಟರು.

ಮಧ್ಯಾಹ್ನ ವೇಮಗಲ್ಲಿನ ಫ್ಯಾಕ್ಟರಿಯಿಂದ ಅವನ ಬ್ಯಾಗು ಬಂತು. ಅಲ್ಲಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದವನು ಹಾಗೇ ಕುಸಿದಿದ್ದ. ಹೃದಯ ಎಂದರು. ಮೂವತ್ತೊಂದು ವರ್ಷ. ಬ್ಯಾಗಿನಲ್ಲಿ ತೊಳೆಯದ ಟಿಫನ್ ಡಬ್ಬಿ, ಒಂದು ಸ್ವೆಟರ್, ಇಟ್ಟಿಗೆಯಷ್ಟು ದಪ್ಪದ ತೆಲುಗು ಬೈಬಲ್ ಇದ್ದವು.

ಬೈಬಲ್ ಅವನದಲ್ಲ. ನಮ್ಮ ಚರ್ಚಿನ ಸಭೆಯ ಎಲ್ಲರಿಗಿಂತ ಹಿರಿಯರಾದ, ವಯಸ್ಸಾಗಿ ಈಗ ಅಷ್ಟು ದೂರ ಬರಲಾಗದ, ದೇವರಾಯಸಮುದ್ರದ ದೊಡ್ಡಗಂಗಮ್ಮನದು. ಸಭೆಗೆ ತಿಂಗಳಿಗೊಮ್ಮೆ ಗಡಿಯಾಚೆಯಿಂದ ತೆಲುಗು ಬೋಧಕರು ಬರುತ್ತಾರೆ. ಅವರೊಂದು ಮಾತು ಹೇಳಿದರೆ ಪಕ್ಕದಲ್ಲಿ ನಿಂತ ಮುನೇಶ ಅದನ್ನು ಕನ್ನಡದಲ್ಲಿ ಹೇಳಬೇಕು. ನಿಜ ಹೇಳಬೇಕೆಂದರೆ ಇಲ್ಲಿ ಎಲ್ಲರಿಗೂ ತೆಲುಗು ಅರ್ಥವಾಗುತ್ತದೆ. ಆದರೂ ಕನ್ನಡದಲ್ಲಿ ಇನ್ನೊಮ್ಮೆ ಕೇಳದಿದ್ದರೆ ಕೂಟ ಮುಗಿದಂತಾಗುವುದಿಲ್ಲ. ಮೊದಲೇ ಓದಿಕೊಂಡು ಸಿದ್ಧನಾಗಲು ಅವನು ಅಜ್ಜಿಯ ಬೈಬಲ್ ಎರವಲು ತಂದಿದ್ದ. ತಂದವನು ಅಂಚಿನ ತುಂಬ ಪೆನ್ಸಿಲಿನಲ್ಲಿ ಕನ್ನಡ ಬರೆದಿದ್ದ.

‘ಇಲ್ಲಿ ನಿಧಾನ.’ ‘ಬೋಧಕರು ಇಲ್ಲಿ ಕೂಗ್ತಾರೆ, ನಾನು ಕೂಗಲ್ಲ.’ ‘ಸಾಂತ್ವನ ಬೇಡ, ಸಮಾಧಾನ ಅನ್ನು.’ ‘ನೀರು ಕುಡಿ.’ ಒಂದು ಪುಟದಲ್ಲಿ ನನ್ನ ಹೆಸರಿತ್ತು. ‘ಮೇಘನನ್ನ ಕೇಳು: ತಪ್ಪಿಸಿಕೊಂಡ ಕುರೀನ ಲಕ್ಕೂರಲ್ಲಿ ಹೇಗೆ ಕೂಗಿ ಕರೀತಾರೆ?’

ಲಕ್ಕೂರು ನನ್ನ ತವರು. ನಮ್ಮ ತಾತನಿಗೆ ಕುರಿಗಳಿದ್ದವು. ಮುನೇಶ ನನ್ನನ್ನು ಕೇಳಿರಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಬೈಬಲ್ ತೆರೆದೆ. ತೆಲುಗು ಅಕ್ಷರಗಳು ನಮ್ಮವಕ್ಕೆ ದಾಯಾದಿಗಳೇ. ಕೂಡಿಸಿಕೊಂಡು ಓದಿದರೆ ಓದಬಹುದು. ನಾನು ಕೂಡಿಸಲಿಲ್ಲ. ನನಗೆ ಬೇಕಾಗಿದ್ದದ್ದು ಅಂಚು. ಇತಿಹಾಸದ ಎಂ.ಎ. ತರಗತಿಯಲ್ಲಿ, ಮೂಲ ಬಿಟ್ಟು ಟಿಪ್ಪಣಿ ಮಾತ್ರ ಓದಿ ಬಂದವರನ್ನು ನಮ್ಮ ಮೇಡಂ ಹೊರಗೆ ಕಳಿಸುತ್ತಿದ್ದರು. ಇಲ್ಲಿ ಕಳಿಸುವವರಿರಲಿಲ್ಲ.

ಬದಲಿಗೆ ಹೊಗಳುವವರಿದ್ದರು. ಭಾನುವಾರ ಅದನ್ನು ಎದೆಗವಚಿಕೊಂಡು ಹೋಗುತ್ತಿದ್ದೆ. ಇಂಥ ಕಷ್ಟದಲ್ಲೂ ಈ ಮಗು ದೇವರ ವಾಕ್ಯ ಬಿಟ್ಟಿಲ್ಲ ನೋಡಿ ಎಂದು ಪಾಸ್ಟರ್ ಎಲ್ಲರೆದುರು ಹೇಳಿದರು. ಹೆಂಗಸರು ಹಿಂತಿರುಗಿ ನೋಡಿದರು. ನಾನು ತಲೆ ತಗ್ಗಿಸಿದೆ. ಅದನ್ನೂ ಭಕ್ತಿ ಎಂದುಕೊಂಡರು.

ಪ್ರಾರ್ಥನೆಯ ಸ್ಥಿತಿ ಹೀಗಿತ್ತು: ಕಣ್ಣು ಮುಚ್ಚಿ ಕರ್ತನೇ ಎನ್ನುತ್ತಿದ್ದೆ, ಮುಂದಿನ ಮಾತೆಲ್ಲ ಮುನೇಶನಿಗೆ ಹೋಗುತ್ತಿತ್ತು. ಗ್ಯಾಸ್ ಬುಕ್ ಮಾಡಿದೆ. ನಿನ್ನ ಬೈಕಿನ ಬ್ಯಾಟರಿ ಕೂತಿದೆ. ಅತ್ತೆ ಚೆನ್ನಾಗಿದ್ದಾರೆ, ಸಾರಿಗೆ ಹುಳಿ ಜಾಸ್ತಿ ಹಾಕುತ್ತಾರೆ. ಕೊನೆಗೆ ಆಮೆನ್. ದೇವರೊಂದಿಗೆ ಮಾತು ನಿಂತು ತಿಂಗಳಾಗಿತ್ತು. ಅದು ಗೊತ್ತಿದ್ದೂ ಮರುದಿನ ಮತ್ತೆ ಅಂಚನ್ನೇ ತೆರೆಯುತ್ತಿದ್ದೆ.

ದೊಡ್ಡಗಂಗಮ್ಮ ಎರಡು ಸಲ ಮೊಮ್ಮಗಳ ಮೊಬೈಲಿನಿಂದ ಫೋನ್ ಮಾಡಿ, ಉಂಡೆಯಾ, ಮಲಗಿದೆಯಾ ಎಂದಷ್ಟೇ ಕೇಳಿದರು. ಮೂರನೆಯ ಸಲ, ಬೈಬಲ್ ಸಿಕ್ಕಿತಾ ಎಂದು ಮೆಲ್ಲಗೆ ವಿಚಾರಿಸಿದರು. ಬೇರೆಯದೊಂದನ್ನು ಯಾರೋ ತಂದುಕೊಟ್ಟಿದ್ದರಂತೆ. ಆದರೆ ನಲವತ್ತು ವರ್ಷ ಕೈಗೆ ರೂಢಿಯಾದ ಪುಟಗಳಲ್ಲವಾದ್ದರಿಂದ ಅದರಲ್ಲಿ ಅವರಿಗೆ ದಾರಿ ತಪ್ಪುತ್ತಿತ್ತು. ಹುಡುಕುತ್ತೇನೆ ಅಜ್ಜಿ ಎಂದೆ. ಬೈಬಲ್ ನನ್ನ ತೊಡೆಯ ಮೇಲೇ ಇತ್ತು.

ಅದರ ಮುಂದಿನ ಬುಧವಾರ ಹೆಂಗಸರ ಕೂಟ. ತೆಲುಗು ಬೋಧಕಿಯೊಬ್ಬರು ಬಂದಿದ್ದರು. ನನ್ನ ಕೈಯಲ್ಲಿದ್ದ ಬೈಬಲ್ ನೋಡಿ ಸಂತೋಷಪಟ್ಟು, ಒಂದು ಕೀರ್ತನೆ ಓದಮ್ಮಾ ಎಂದರು. ಎದ್ದು ನಿಂತೆ. ತೆರೆದ ಪುಟದ ಅಂಚಿನಲ್ಲಿ ‘ರೀಚಾರ್ಜ್ ಮುಗೀತು, ಶುಕ್ರವಾರ’ ಎಂದಿತ್ತು. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದ ಕೀರ್ತನೆಯನ್ನು, ಕಣ್ಣನ್ನು ಪುಟದ ಮೇಲೆ ಆಡಿಸುತ್ತ, ಕನ್ನಡದಲ್ಲೇ ಒಪ್ಪಿಸಿದೆ. ಎಷ್ಟು ಸಲೀಸಾಗಿ ಭಾಷಾಂತರ ಮಾಡ್ತಾಳೆ, ಗಂಡನ ವರ ಇವಳಿಗೂ ಬಂದಿದೆ ಎಂದು ಯಾರೋ ಅತ್ತರು. ಮುನೇಶನಾಗಿದ್ದರೆ ಮೂರು ದಿನ ನಗುತ್ತಿದ್ದ. ನನಗೆ ಮನೆಗೆ ಬಂದರೂ ಮುಖದ ಬಿಸಿ ಇಳಿಯಲಿಲ್ಲ.

ಅತ್ತೆ ಅವರೆಕಾಳು ಹಿತಕುತ್ತಿದ್ದರು. ಪಕ್ಕದಲ್ಲಿ ಕೂತು ನಡೆದದ್ದನ್ನು ಹೇಳಿದೆ. ನಗುತ್ತಾರೆಂದುಕೊಂಡಿದ್ದೆ.

“ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ,” ಎಂದರು. “ನಾನು ಫೋಟೋಗೆ ಒಂದು ಹಾರ ಹಾಕ್ತೀನಿ ಅಂದ್ರೆ ಬೇಡ ಅಂದೆ. ನಿಮ್ ದೇವ್ರು ಒಪ್ಪಲ್ಲ ಅನ್ಕೊಂಡು ಸುಮ್ನಾದೆ. ನೀನ್ ಮಾಡ್ತಿರೋದೇನಮ್ಮಾ? ಎದ್ದ ತಕ್ಷಣ ಆ ಬೈಬಲ್ ತೆಗೀತೀಯ, ಅವನ ಅಕ್ಷರ ಸವರ್ತೀಯ. ಅದಕ್ಕೊಂದು ದೀಪ ಹಚ್ಚೋದು ಬಾಕಿ.”

ಮಾತಿನಲ್ಲಿ ಕೊಂಕಿರಲಿಲ್ಲ. ಹಿತಕಿದ ಬೇಳೆ ಬಟ್ಟಲಿಗೆ ಬೀಳುತ್ತಲೇ ಇತ್ತು. ನಾನೂ ಒಂದು ಹಿಡಿ ಕಾಳು ತೆಗೆದುಕೊಂಡು ಹಿತಕಿದೆ.

ಮರುದಿನ ಹಿಂದಿರುಗಿಸುವುದೆಂದು ತೀರ್ಮಾನಿಸಿದೆ. ಅದಕ್ಕೆ ಮೊದಲು ಪುಟಗಳ ಫೋಟೋ ತೆಗೆದಿಟ್ಟುಕೊಂಡರಾಯಿತು ಎಂದು ಜಾಣತನ ಮಾಡಿದೆ. ಮೂರು ತೆಗೆದು ನೋಡಿದೆ. ಮೂರರಲ್ಲೂ ಅಂಚು ಮಾತ್ರ ಬಂದಿತ್ತು. ವಾಕ್ಯವನ್ನೆಲ್ಲ ಚೌಕಟ್ಟಿನಾಚೆ ತಳ್ಳಿದ್ದೆ. ಹೀಗೆ ಎಷ್ಟು ವರ್ಷ ಬೇಕಾದರೂ ನಡೆಸಬಲ್ಲೆ ಎಂದು ಹೊಳೆದು ಹೆದರಿಕೆಯಾಯಿತು. ಮೂರನ್ನೂ ಅಳಿಸಿದೆ. ಬೆಳಿಗ್ಗೆ ಮುಳಬಾಗಿಲಿನ ಬಸ್ಸು ಹತ್ತಿ ದೇವರಾಯಸಮುದ್ರದಲ್ಲಿ ಇಳಿದೆ.

ದೊಡ್ಡಗಂಗಮ್ಮ ಜಗಲಿಯ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ನಮಸ್ಕಾರ ಮುಗಿಯುವ ಮೊದಲೇ, ಸುಳ್ಳು ಹೇಳಿದ್ದೆ ಅಜ್ಜಿ, ಇದು ನನ್ನ ಹತ್ತಿರವೇ ಇತ್ತು ಎಂದುಬಿಟ್ಟೆ.

“ಗೊತ್ತು ತಲ್ಲೀ. ಎದೆಗವಚ್ಕೊಂಡು ಬರ್ತಾಳೆ ಅಂತ ಪಾಸ್ಟರ್ ಹೇಳಿದ್ರು. ಇಷ್ಟು ದಪ್ಪದ್ದು ಈ ಸುತ್ತಿನಾಗೆ ಇನ್ಯಾರ ಹತ್ರ ಐತೆ?”

ಕೂತೆ. ಕೊಡಲು ಬಂದವಳು ಬೈಬಲನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಅಜ್ಜಿ ಕೈ ಚಾಚಲಿಲ್ಲ. ನೀರು ತರಿಸಿದರು, ಕೆರೆಯ ಸುದ್ದಿ ಹೇಳಿದರು, ಹಸು ಹಾಕಿದ ಕರುವಿನ ಬಗ್ಗೆ ಹೇಳಿದರು. ಆಮೇಲೆ, ಹುಡುಗ ಏನೇನು ಗೀಚಿದ್ದಾನೆ, ಓದು ಎಂದರು. ಅವರಿಗೆ ಕನ್ನಡ ಓದಲು ಬರುವುದಿಲ್ಲ.

ನನ್ನ ಹೆಸರಿದ್ದ ಪುಟ ತೆಗೆದು ಓದಿದೆ.

“ಹೆಂಗ್ ಕರೀತೀರಾ ನಿಮ್ಮೂರಾಗೆ?” ಅಜ್ಜಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ತಾತನಂತೆ ಟುರ್ರ್ ಎಂದು ಎಳೆದು ಕೂಗಿದೆ. ಎದುರು ಮನೆಯ ಮೇಕೆ ತಲೆ ಎತ್ತಿತು. ಅಜ್ಜಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. ಮುನೇಶ ಸತ್ತ ಮೇಲೆ ನಾನೂ ನಕ್ಕದ್ದು ಆಗಲೇ ಎಂದು ತೋರುತ್ತದೆ.

ಅಜ್ಜಿ ನನ್ನ ಮಡಿಲಿನ ಕಡೆಗೇ ಬಾಗಿ, ಆ ಬರಹದ ಪಕ್ಕದ ವಾಕ್ಯಗಳನ್ನು ಬೆರಳಿಟ್ಟು ತೆಲುಗಿನಲ್ಲಿ ನಿಧಾನವಾಗಿ ಓದಿದರು. ನೂರು ಕುರಿಗಳಲ್ಲಿ ಒಂದು ತಪ್ಪಿಹೋಗುವುದು, ಉಳಿದವನ್ನು ಬಿಟ್ಟು ಒಡೆಯ ಅದೊಂದಕ್ಕಾಗಿ ಹೊರಡುವುದು. ಬುದ್ಧಿ ಬಂದಾಗಿನಿಂದ ಕೇಳಿದ ಕಥೆ. ಆ ಪುಟವನ್ನು ತಿಂಗಳಿಗೂ ಹೆಚ್ಚು ಕಾಲ ದಿನಾ ನೋಡಿದ್ದೆ. ಹುಡುಕಿಕೊಂಡು ಬರುವವನು ಅದರಲ್ಲಿದ್ದಾನೆಂದು ನೋಡಿರಲಿಲ್ಲ. ಮುನೇಶ ನೋಡಿದ್ದ, ಅದನ್ನು ಜನಕ್ಕೆ ಸರಿಯಾಗಿ ಮುಟ್ಟಿಸಲೆಂದೇ ನನ್ನನ್ನು ಕೇಳಬೇಕೆಂದು ಬರೆದುಕೊಂಡಿದ್ದ.

ಕರ್ತನೇ ಎಂದೆ, ಬಾಯಿ ಬಿಡದೆ. ಮುಂದೆ ಮಾತು ಹೊರಡಲಿಲ್ಲ. ಆದರೆ ಆ ಕರೆ ಮುನೇಶನ ಕಡೆಗೆ ತಿರುಗಲಿಲ್ಲ.

ಅಜ್ಜಿ ಪೆನ್ಸಿಲಿನ ಗೆರೆಯನ್ನು ಉಗುರಿನಿಂದ ಮುಟ್ಟಿದರು. “ಇದನ್ನೇನ್ ಮಾಡೋಣ ತಲ್ಲೀ? ರಬ್ಬರ್ ಹಾಕ್ಲಾ, ಇರ್ಲಾ?”

ಇರಲಿ ಎಂಬ ಮಾತು ತುಟಿಯವರೆಗೆ ಬಂತು. ಬೈಬಲ್ ಮುಚ್ಚಿದೆ. ಎರಡೂ ಕೈಯಲ್ಲಿ ಎತ್ತಿ ಅವರ ಮಡಿಲಿಗೆ ಇಟ್ಟೆ.

“ನಿಮ್ಮ ಪುಸ್ತಕ ಅಜ್ಜಿ,” ಎಂದೆ. “ಓದೋಕೆ ಅಡ್ಡ ಬಂದ್ರೆ ಅಳಿಸಿಬಿಡಿ.”