ಸಮಾಲೋಚನೆ ನಡೆದ ಶುಕ್ರವಾರ

ಪಂಚಾಕ್ಷರಿ ಮೈಸೂರಿನವನು, ಭೂವಿಜ್ಞಾನಿ. ಮನೆ ಪರ್ತ್‌ನ ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ, ಕೆಲಸ ಚಿನ್ನ ಹುಡುಕುವ ಒಂದು ಸಣ್ಣ ಕಂಪನಿಯಲ್ಲಿ. ಕಂಪನಿಯ ಹೆಡ್ ಆಫೀಸು ಬ್ರಿಸ್ಬೇನ್, ವಕೀಲರು ಅಡಿಲೇಡ್. ಬಿಸಿಲಲ್ಲಿ ಬೇಯುವುದಕ್ಕೆ ಮಾತ್ರ ಇವನು. ೨೦೧೬ರ ಮಾರ್ಚ್‌ನಲ್ಲಿ ಅವನ ತಲೆಯ ಮೇಲಿದ್ದದ್ದು ಒಂದೇ ಹೊರೆ. ಒಳನಾಡಿನ ಒಂದು ಉಪ್ಪುಕೆರೆಯ ದಂಡೆಯಲ್ಲಿ ಚಿನ್ನವಿದೆಯೇ ಎಂದು ನೋಡಲು ಹನ್ನೊಂದು ಬೋರು ಕೊರೆಯಬೇಕಿತ್ತು, ಅದಕ್ಕೆ ಅಲ್ಲಿಯ ಮೂಲನಿವಾಸಿ ಹಿರಿಯರು ಮೂವರೂ ಒಪ್ಪಬೇಕಿತ್ತು. ಇಬ್ಬರು ಸಹಿ ಹಾಕಿದ್ದರು. ಉಳಿದವರು ಆಂಟಿ ಮರ್ಲ್. ಅವರು ಒಪ್ಪದಿದ್ದರೆ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಕಂಪನಿ ಕೊಡಿಸಿದ ಇವನ ವೀಸಾ ಕೂಡ ಹೋಗುತ್ತದೆ. ಮಗಳು ಆಗಷ್ಟೇ ಶಾಲೆ ಸೇರಿದ್ದಳು.

ಆಂಟಿ ಮರ್ಲ್ ಕಣ್ಣು ತೋರಿಸಿಕೊಳ್ಳಲು ಪರ್ತ್‌ಗೆ ಬಂದು ಆರ್ಮಡೇಲ್‌ನಲ್ಲಿ ತಂಗಿಯ ಮಗಳ ಮನೆಯಲ್ಲಿ ಇಳಿದುಕೊಂಡಿದ್ದರು. ಹೋಗಿ ಸಹಿ ಹಾಕಿಸಿಕೊಂಡು ಬಾ ಎಂದು ಬ್ರಿಸ್ಬೇನಿನಿಂದ ಅಪ್ಪಣೆಯಾಯಿತು. ಹೆಂಡತಿ ಪ್ರಣತಿ ಮೂಗು ಮುರಿದಳು.

"ವಯಸ್ಸಾದವರ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಪೆನ್ ಚಾಚ್ತೀರಾ? ಶುಕ್ರವಾರ ಊಟಕ್ಕೆ ಇಲ್ಲಿಗೇ ಕರ್ಕೊಂಡ್ ಬನ್ನಿ. ಆಮೇಲೆ ನಿಮ್ಮ ಪೇಪರ್ ತೆಗೀರಿ."

ಹಾಗೇ ಆಯಿತು. ಆಂಟಿ ಮರ್ಲ್ ಖಾರಕ್ಕೆ ಉಸ್ ಉಸ್ ಎನ್ನುತ್ತಲೇ ಬಿಸಿಬೇಳೆಬಾತನ್ನು ಎರಡನೇ ಸಲ ಹಾಕಿಸಿಕೊಂಡರು. ಉಣ್ಣುತ್ತಾ ಇಂಗ್ಲಿಷಿನಲ್ಲಿ ಕೇಳಿದರು: "ನಿಮ್ಮ ಊರಿಗೂ ಇಂಗ್ಲಿಷರು ಬಂದಿದ್ದರಲ್ಲ?"

"ಬಂದಿದ್ದರು ಆಂಟಿ. ನಮ್ಮ ಮಹಾರಾಜರ ಜೊತೆ ಒಪ್ಪಂದ ಬರೆದುಕೊಂಡರು."

"ಕಾಗದದ ಮೇಲೆ? ಪರವಾಗಿಲ್ಲ. ಉಳಿಸಿಕೊಂಡರಾ ಮಾತು?"

ಶಾಲೆಯಲ್ಲಿ ಓದಿದ್ದನ್ನು ಪಂಚಾಕ್ಷರಿ ನೆನಪಿಸಿಕೊಂಡ. "ಮೂವತ್ತೆರಡು ವರ್ಷ. ಆಮೇಲೆ ಅದೇ ಒಪ್ಪಂದದ ಒಂದು ಕಲಮು ತೋರಿಸಿ ರಾಜ್ಯಭಾರ ಕಿತ್ತುಕೊಂಡರು. ವಾಪಸು ಕೊಡಲು ಐವತ್ತು ವರ್ಷ ಬೇಕಾಯಿತು."

"ನಮ್ಮ ಜೊತೆ ಒಂದು ಕಾಗದವನ್ನೂ ಬರೆಯಲಿಲ್ಲ," ಎಂದರು ಆಂಟಿ ಮರ್ಲ್. "ಯಾವುದು ವಾಸಿ ಹೇಳು."

ಕಾಗದವಿದ್ದೂ ಕಳೆದುಕೊಂಡವರ ಊರಿನವನು, ಕಾಗದವೇ ಇಲ್ಲದೆ ಕಳೆದುಕೊಂಡವರ ಮುಂದೆ ಕಾಗದ ಇಟ್ಟುಕೊಂಡು ಕೂತಿದ್ದೇನೆ ಎನಿಸಿ ಅವನ ತಲೆ ಗಿರ್ರೆಂದಿತು.

ಊಟ ಮುಗಿಯಿತು. ಹೆಣ್ಣುಮಗಳನ್ನು ಶುಕ್ರವಾರ ಬರಿಗೈಲಿ ಕಳಿಸುವವಳಲ್ಲ ಪ್ರಣತಿ. ಗಂಡ ಇದ್ದಾನೋ ಇಲ್ಲವೋ ಎಂದು ಕೇಳುವ ಗೊಡವೆಗೂ ಹೋಗದೆ ಕುಂಕುಮವಿಟ್ಟು, ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಹಸಿರು ಬ್ಲೌಸ್ ಪೀಸು ಇಟ್ಟು ಕೊಟ್ಟಳು. ಆಂಟಿ ಮರ್ಲ್ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಚೆನ್ನಾಗಿದೆ. ಹಿಂದೆ ಸರ್ಕಾರದವರು ನಮಗೆ ಕಂಬಳಿ ಕೊಡುತ್ತಿದ್ದರು, ಹಿಟ್ಟು ಕೊಡುತ್ತಿದ್ದರು, ನೆಲ ತೆಗೆದುಕೊಳ್ಳುತ್ತಿದ್ದರು. ಇದರ ಜೊತೆ ಬರುವ ಕಾಗದ ಯಾವುದು?"

"ಯಾವ ಕಾಗದವೂ ಇಲ್ಲ ಆಂಟಿ," ಎಂದುಬಿಟ್ಟ ಪಂಚಾಕ್ಷರಿ. ಕಾಗದ ಸೋಫಾದ ಪಕ್ಕದ ಬ್ಯಾಗಿನಲ್ಲಿತ್ತು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಅವರನ್ನು ಆರ್ಮಡೇಲ್‌ಗೆ ಬಿಟ್ಟು ಬಂದ. ಬಂದವನು ಸುಮ್ಮನಿರಬಾರದಿತ್ತೇ? ಸಹಿ ತಡವಾದದ್ದಕ್ಕೆ ಸಬೂಬಾಗಲಿ ಎಂದು, ಪ್ರಣತಿ ತೆಗೆದ ಫೋಟೋವನ್ನು ಬ್ರಿಸ್ಬೇನಿಗೆ ಕಳಿಸಿದ: ಕುಂಕುಮ ಇಟ್ಟುಕೊಂಡು, ತಟ್ಟೆ ಹಿಡಿದು ನಗುತ್ತಿರುವ ಆಂಟಿ ಮರ್ಲ್.

ಶನಿವಾರ ಬೆಳಿಗ್ಗೆಯೇ ಅಡಿಲೇಡಿನ ವಕೀಲರಿಂದ ಇಮೇಲ್ ಬಂತು. ಬಹಳ ಖುಷಿಯಲ್ಲಿದ್ದರು ಪುಣ್ಯಾತ್ಮರು. ಆ ಹೆಂಗಸಿನ ಸಹಿಯೇ ಬೇಕಾಗಿಲ್ಲ, ಕಂಪನಿಯ ಪರವಾನಗಿಯ ಒಂಬತ್ತನೇ ಕಲಮಿನ ಪ್ರಕಾರ ಸಮಾಲೋಚನೆ ನಡೆದು ಆಕ್ಷೇಪಣೆ ಬಾರದಿದ್ದರೆ ಸಾಕು ಎಂದು ಬರೆದಿದ್ದರು. ಜೊತೆಗೆ ತುಂಬಿಸಿಟ್ಟ ಒಂದು ವರದಿ. ಸಮಾಲೋಚನೆ: ಶುಕ್ರವಾರ ನಡೆಯಿತು. ಸಾಂಪ್ರದಾಯಿಕ ಉಡುಗೊರೆ: ಸ್ವೀಕರಿಸಿದರು, ಫೋಟೋ ಲಗತ್ತಿಸಿದೆ. ಆಕ್ಷೇಪಣೆ: ಇಲ್ಲ. ಕೆಳಗೆ ಪಂಚಾಕ್ಷರಿಯ ಸಹಿಗೆ ಜಾಗ.

ಪ್ರಣತಿ ಓದಿ ಕೆಂಡವಾದಳು. "ನಾನ್ ಕೊಟ್ಟಿದ್ದು ಅರಿಶಿನ ಕುಂಕುಮ ರೀ! ಇವ್ರ ಬೋರ್‌ವೆಲ್ಲಿಗೆ ಮುಂಗಡ ಅಲ್ಲ!" ಒಂದು ಕ್ಷಣ ಬಿಟ್ಟು ಸಣ್ಣ ದನಿಯಲ್ಲಿ, "ಆದ್ರೆ ಸಹಿ ಹಾಕ್ದೇ ಇದ್ರೆ ನಮ್ಮ ಗತಿ?" ಎಂದು ಅತ್ತೇಬಿಟ್ಟಳು.

ಅವನಿಗೆ ಯಾವುದು ಹಿಂದೆ ಯಾವುದು ಮುಂದೆ ತಿಳಿಯಲಿಲ್ಲ. ಊಟ ನಿಜ, ತಟ್ಟೆ ನಿಜ, ನಗು ನಿಜ, ಆಂಟಿ ಆಕ್ಷೇಪಿಸಲಿಲ್ಲ ಎನ್ನುವುದೂ ನಿಜ. ಎಲ್ಲ ನಿಜವೂ ಸೇರಿ ಇಂಥ ಸುಳ್ಳು ಹೇಗಾಯಿತು? ವರದಿಯನ್ನು ಪ್ರಿಂಟ್ ಮಾಡಿಕೊಂಡು ನೇರ ಆರ್ಮಡೇಲ್‌ಗೆ ಹೋದ.

ಆಂಟಿ ಮರ್ಲ್ ವರಾಂಡದಲ್ಲಿ ಕೂತಿದ್ದರು. ಬ್ಯಾಗಿನಲ್ಲಿ ಕಾಗದವಿದ್ದದ್ದು, ಫೋಟೋ ಕಳಿಸಿದ್ದು, ಒಂಬತ್ತನೇ ಕಲಮು, ವೀಸಾ, ಮಗಳ ಶಾಲೆ, ಹೆಂಡತಿ ಅತ್ತದ್ದು, ಒಂದೂ ಬಿಡದೆ ಹೇಳಿದ. "ಏನು ಮಾಡಲಿ ಆಂಟಿ? ನೀವೇ ಹೇಳಿ."

ಅವರು ಪಕ್ಕದ ಕುರ್ಚಿ ತೋರಿಸಿ ಅವನನ್ನು ಕೂರಿಸಿದರು.

"ನಿನ್ನ ಕಷ್ಟ ಎಲ್ಲ ಹೇಳಿದೆ, ಕೇಳಿದೆ. ಕೆರೆ ವಿಷಯ ನನ್ನನ್ನ ಒಂದು ಮಾತು ಕೇಳಲಿಲ್ಲ ನೀನು."

ಪಂಚಾಕ್ಷರಿ ತಬ್ಬಿಬ್ಬಾದ. ಎಂಟು ತಿಂಗಳಿಂದ ಹಿರಿಯರ ಸಭೆಗಳಲ್ಲಿ ನಕ್ಷೆ ಹರಡಿದ್ದಾನೆ, ಸ್ಲೈಡ್ ತೋರಿಸಿದ್ದಾನೆ, ರಂಧ್ರದ ಅಗಲ ಇಷ್ಟು, ಆಳ ಇಷ್ಟು ಎಂದು ಬಾಯಿ ನೋಯುವಷ್ಟು ವಿವರಿಸಿದ್ದಾನೆ. ಕೇಳಿದ್ದು ಮಾತ್ರ ನೆನಪಿಗೆ ಬರಲಿಲ್ಲ.

"ಆಂಟಿ, ಆ ಕೆರೆ ದಂಡೆಯಲ್ಲಿ ನಾವು ಕೊರೆಯಬಹುದಾ?"

"ಬೇಡ."

ಕಾರಣ ಹೇಳುತ್ತಾರೆಂದು ಕಾದ. ಕಾರಣವಿದ್ದರೆ ವಕೀಲರು ಅದಕ್ಕೊಂದು ಉತ್ತರ ಹುಡುಕುತ್ತಿದ್ದರು. ಆಂಟಿ ಹೇಳಲಿಲ್ಲ. ಟೀ ಕುಡಿಯುತ್ತೀಯಾ ಎಂದು ಕೇಳಿ ಒಳಗೆ ಹೋದರು.

ಪಂಚಾಕ್ಷರಿ ಕಾಗದವನ್ನು ಮೊಣಕಾಲ ಮೇಲಿಟ್ಟು, ಆಕ್ಷೇಪಣೆಯ ಮುಂದಿದ್ದ 'ಇಲ್ಲ' ಎನ್ನುವುದನ್ನು ಹೊಡೆದುಹಾಕಿ 'ಇದೆ' ಎಂದು ಬರೆದ. ಕೆಳಗೆ ಸಹಿ ಹಾಕಿ, ಮನಸ್ಸು ಬದಲಾಗುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದು ಅಡಿಲೇಡಿಗೂ ಬ್ರಿಸ್ಬೇನಿಗೂ ಕಳಿಸಿದ.

ಅಷ್ಟರಲ್ಲಿ ಪ್ರಣತಿಯ ಫೋನು.

"ಸಹಿ ಹಾಕಿದ್ರಾ?"

"ಹಾಕ್ದೆ."

"ಅಬ್ಬಾ, ಸದ್ಯ! ಈಗ ಉಸಿರು ಬಂತು ನೋಡಿ. ತಪ್ಪೋ ಸರಿಯೋ, ಮಗು ಮುಖ ನೋಡ್ಬೇಕಲ್ಲ."

ಏನು ಬರೆದು ಸಹಿ ಹಾಕಿದಿರಿ ಎಂದು ಅವಳು ಕೇಳಲಿಲ್ಲ. ಹೇಳಬೇಕೆಂದು ಅವನು ಎರಡು ಸಲ ಬಾಯಿ ತೆರೆದ. ಫೋನಿನ ಆ ಕಡೆ ಅವಳು ಆಗಲೇ ಮಗಳನ್ನು ಕರೆದು ನಗುತ್ತಿದ್ದಳು.